ಮೊರ ಮುಚ್ಚಿದ ಆಟ

ಅಜ್ಜಿಯ ಮನೆಯಲ್ಲಿ ಆಟದ ನಡುವೆ ಯಾರಾದರೂ ಏಳಬೇಕಾಗಿ ಬಂದರೆ, ಕೂತವರು ಆಟದ ಮೇಲೆ ಮೊರ ಕವುಚಿಡಬೇಕಿತ್ತು. ಒಲೆಯ ಮೇಲೆ ಹಾಲು ಉಕ್ಕುತ್ತಿರಲಿ, ಹಸು ಗೂಟ ಕಿತ್ತುಕೊಂಡು ಹೋಗಿರಲಿ, ಎದ್ದವರು ತಿರುಗಿ ಬಂದು ಕಾಲು ಮಡಚಿ ಕೂತು ‘ತಗಿ’ ಅನ್ನುವ ತನಕ ಮೊರ ಎತ್ತುವಂತಿಲ್ಲ. ನರಸೀಪುರದ ಹೊಳೆ ಬೀದಿಯ ಆ ಮನೆಯ ಜಗಲಿ ಕಲ್ಲಿನಲ್ಲಿ ಯಾರ ಕಾಲದಲ್ಲೋ ಆಡುಹುಲಿ ಆಟದ ಗೆರೆ ಕೊರೆದಿದ್ದರು. ರಜೆಗೆ ಹೋದಾಗಲೆಲ್ಲ ನನ್ನಜ್ಜಿ ಸಿದ್ದಲಿಂಗಮ್ಮ ಒಂದು ಬದಿಗೆ, ನಾನು ಇನ್ನೊಂದು ಬದಿಗೆ. ಹುಣಸೆಬೀಜ ಆಡು, ಬಳೆಚೂರು ಹುಲಿ.

‘ಮೊರ ಯಾಕಜ್ಜಿ, ನಾನೇನು ಕದೀತೀನಾ?’ ಎಂದು ಒಮ್ಮೆ ಕೇಳಿದ್ದೆ.

‘ನೀ ಕದಿಯಾಕಿಲ್ಲ ಕಣವ್ವ, ನಿನ್ ಕಣ್ಣು ಕದೀತದೆ. ನಾನು ಒಳಗೆ ಹಾಲಿಳಿಸ್ತಾ ಇರ್ತೀನಿ, ನಿನ್ ಕಣ್ಣು ಇಲ್ಲಿ ನಾಕ್ ನಡೆ ಮುಂದಕ್ಕೆ ಓಗ್ಬುಟ್ಟಿರ್ತದೆ. ನಂಗಿಲ್ದ ಒತ್ತು ನಿಂಗ್ಯಾಕೆ?’

ಅದಕ್ಕೊಂದು ಕತೆಯೂ ಇತ್ತು. ಅಜ್ಜಿಯ ಮನೆಯಲ್ಲಿ ಕತೆಯಿಲ್ಲದ ಸಾಮಾನು ಇರಲಿಲ್ಲ. ಒಂದೂರಲ್ಲಿ ಅಕ್ಕ ತಂಗಿ ಆಡುತ್ತಾ ಕೂತಿದ್ದಾಗ ಅಕ್ಕನನ್ನು ಗಂಡಿನ ಕಡೆಯವರು ನೋಡಲು ಬಂದರಂತೆ. ಅಕ್ಕ ಎದ್ದು ಹೋದಳು, ತಂಗಿ ಮೊರ ಮುಚ್ಚಿದಳು. ನೋಡಿದವರು ಒಪ್ಪಿದರು, ಮದುವೆಯಾಯಿತು, ಅಕ್ಕ ಏಳು ಹೊಳೆ ದಾಟಿ ಹೋದಳು. ತಂಗಿ ಮೊರ ತೆಗೆಯಲಿಲ್ಲ. ಮೊರದ ಮೇಲೆ ಗೆದ್ದಲು ಹತ್ತಿತು, ಹುತ್ತ ಬೆಳೆಯಿತು. ತಲೆ ನೆರೆತ ಮೇಲೆ ಅಕ್ಕ ಬಂದು ಕೂತು ‘ತಗಿ’ ಅಂದಳು. ಹುತ್ತ ಒಡೆದರೆ ಕಾಯಿಗಳೆಲ್ಲ ಇದ್ದಲ್ಲೇ ಇದ್ದವು. ‘ಯಾರ್ ಸರದಿ?’ ಎಂದು ಅಕ್ಕ ಕೇಳಿದಳು. ‘ನಿಂದೇ ಕಣಕ್ಕ’ ಎಂದಳು ತಂಗಿ.

‘ಆಮೇಲೆ ಯಾರು ಗೆದ್ರು?’ ಎಂದರೆ ಅಜ್ಜಿ ಎಲೆಗೆ ಸುಣ್ಣ ಸವರುತ್ತಾ, ‘ಅದ್ನ ನಮ್ಮವ್ವ ಏಳ್ನಿಲ್ಲ’ ಎನ್ನುತ್ತಿದ್ದಳು.

ನಮ್ಮ ಮನೆ ನಂಜನಗೂಡಿನಲ್ಲಿ. ಅಪ್ಪನದು ಪಾತ್ರೆ ಅಂಗಡಿ. ನಮ್ಮ ಊರಿನ ಕಪಿಲೆಯೇ ಮುಂದೆ ಹೋಗಿ ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ‘ನೀ ಅಲ್ಲಿ ಮೊಕ ತೊಳ್ದ್ರೆ ನಂಗಿಲ್ಲಿ ಗೊತ್ತಾಯ್ತದೆ’ ಎಂದು ಅಜ್ಜಿ ಹೇಳಿದ್ದನ್ನು ನಂಬಿ, ಸ್ನಾನಘಟ್ಟದ ಮೆಟ್ಟಿಲಿನಿಂದ ನಾನು ಎಷ್ಟೋ ಮುತ್ತುಗದ ಎಲೆಗಳನ್ನು ನೀರಿಗೆ ಬಿಟ್ಟಿದ್ದೇನೆ. ಒಂದಾದರೂ ತಲುಪಿತೆ ಎಂದು ಕೇಳಿದರೆ, ಅಜ್ಜಿ ತಲುಪಿದ ಎಲೆಗಳ ಲೆಕ್ಕವನ್ನು ನಾನು ಬಿಟ್ಟದ್ದಕ್ಕಿಂತ ಹೆಚ್ಚೇ ಹೇಳುತ್ತಿದ್ದಳು.

ಆಮೇಲೆ ಎಲೆ ಬಿಡುವ ವಯಸ್ಸು ಮುಗಿಯಿತು. ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಬ್ರೌಸಿಂಗ್ ಸೆಂಟರ್ ಬಂತು.

ಎರಡು ಸಾವಿರದ ಐದು, ಆರರ ಮಾತು. ಒಳಗೆ ಹಲಗೆಯ ಗೂಡುಗಳಲ್ಲಿ ಆರು ಕಂಪ್ಯೂಟರು. ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಕೀಬೋರ್ಡಿನ ಮೇಲೆ ಅಕ್ಷರ ಸವೆದು ಹೋಗಿ, ಬೆರಳಿಗೆ ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಸೆಂಟರಿನ ಮದನಣ್ಣ ನಮ್ಮ ಬೀದಿಯವನೇ ಆದ್ದರಿಂದ ಭಾನುವಾರ ಎರಡು ಗಂಟೆ ಹೊತ್ತು ಹೋಗಲು ಅಪ್ಪ ಒಪ್ಪಿದ್ದರು. ಪರೀಕ್ಷೆಯ ಫಲಿತಾಂಶ ನೋಡುವುದನ್ನು ಕಲಿಯಲೆಂದು ಹೋದವಳು ಕೋಟೆ ಆಟಕ್ಕೆ ಬಿದ್ದೆ.

ಆ ಆಟಕ್ಕೆ ಇಂಗ್ಲಿಷಿನಲ್ಲಿ ಏನೋ ಉದ್ದ ಹೆಸರಿತ್ತು. ನಾವು ಕೋಟೆ ಆಟ ಎನ್ನುತ್ತಿದ್ದೆವು. ಏಳು ಕೋಟೆ, ನಡುವೆ ದಾರಿಗಳು, ಇಬ್ಬರಿಗೂ ಹನ್ನೆರಡು ಹನ್ನೆರಡು ಪಡೆ. ಅದರಲ್ಲಿ ಒಂದು ಹೊಂಚುಪಡೆ. ಅದನ್ನು ಯಾವ ಕೋಟೆಯಲ್ಲಿ ಅಡಗಿಸಿದ್ದೇವೆಂದು ಆಟಕ್ಕೆ ಮೊದಲೇ ಗುಟ್ಟಾಗಿ ಗುರುತು ಹಾಕಬೇಕು. ಎದುರಾಳಿ ಆ ಕೋಟೆಗೆ ನುಗ್ಗಿದರೆ ಅವನ ಪಡೆಯೆಲ್ಲ ಅಲ್ಲೇ ಮಣ್ಣು. ಒಂದೊಂದು ನಡೆಗೆ ಮೂರು ನಿಮಿಷ. ಹತ್ತು ನಿಮಿಷ ಕಾಣದೇ ಹೋದವರು ಸೋತಂತೆ. ನನಗೆ ಅದು ಹೊಸದು ಅನ್ನಿಸಲೇ ಇಲ್ಲ. ಜಗಲಿಯ ಕಲ್ಲಿಗೆ ಬಣ್ಣ ಬಳಿದಂತಿತ್ತು. ಆಟದಲ್ಲಿ ನನ್ನ ಹೆಸರು ‘ಕಪಿಲಾ’.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಜಿಲ್ಲೆಯ ಬ್ರೌಸಿಂಗ್ ಸೆಂಟರಿನವರೆಲ್ಲ ಸೇರಿ ಒಂದು ಪಂದ್ಯ ಇಟ್ಟರು. ಅವರವರ ಊರಿನಲ್ಲೇ ಕೂತು ಆಡಬೇಕು. ಕೊನೆಯ ಇಬ್ಬರು ಮಾತ್ರ ಮೇ ತಿಂಗಳಲ್ಲಿ ಮೈಸೂರಿಗೆ ಹೋಗಿ ಎದುರುಬದುರು ಕೂತು ಆಡುವುದು. ಗೆದ್ದವರಿಗೆ ಒಂದು ಕಂಪ್ಯೂಟರು, ಮನೆಗೆ ತೆಗೆದುಕೊಂಡು ಹೋಗಲು. ಎರಡು ಗಂಟೆ ಅಂತ ಅಳೆಯದ, ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿಲ್ಲದ, ನನ್ನದೇ ಒಂದು ಕಂಪ್ಯೂಟರು. ಅದನ್ನು ಯಾವ ಮೂಲೆಯಲ್ಲಿ ಇಡುವುದು, ಅದಕ್ಕೆ ಯಾವ ಬಟ್ಟೆ ಹೊದಿಸುವುದು ಎಂದೆಲ್ಲ ಆಗಲೇ ಮನಸ್ಸಿನಲ್ಲಿ ಮಾಡಿಯಾಗಿತ್ತು.

ಮೈಸೂರಿಗೆ ಹೋಗಲು ಒಂದೇ ಆಟ ಉಳಿದಿತ್ತು. ಎದುರಾಳಿ ನರಸೀಪುರದ ಸೆಂಟರಿನವರು, ಹೆಸರು ‘ಸ್ಫಟಿಕಾ’. ಸಂಗಮದಲ್ಲಿ ಕಾವೇರಿ, ಕಪಿಲೆಯರ ಜೊತೆ ಕಣ್ಣಿಗೆ ಕಾಣದೆ ಸೇರುತ್ತದೆನ್ನುವ ಸ್ಫಟಿಕ ಸರೋವರದ ಹೆಸರು. ಯಾರೋ ತಮಾಷೆಯ ಹುಡುಗ ಇರಬೇಕು ಅಂದುಕೊಂಡೆ.

ಏಪ್ರಿಲ್ ತಿಂಗಳ ಭಾನುವಾರ, ಮಧ್ಯಾಹ್ನ ಎರಡಕ್ಕೆ ಆಟ ಶುರು. ನಲವತ್ತು ನಿಮಿಷದಲ್ಲಿ ನನ್ನ ನಾಲ್ಕು ಕೋಟೆ ಹೋದವು. ಸ್ಫಟಿಕಾ ಅವಸರವಿಲ್ಲದೆ, ಅಳುಕಿಲ್ಲದೆ ಆಡುತ್ತಿದ್ದರು. ಇನ್ನು ಹನ್ನೆರಡು ಹದಿಮೂರು ನಡೆ, ಆಮೇಲೆ ನನ್ನದು ಮುಗಿಯಿತು ಎನ್ನುವುದು ನನಗೆ ಕಾಣುತ್ತಿತ್ತು. ಕಣ್ಣು ಗೋಡೆಯ ಗಡಿಯಾರದ ಕಡೆ ಹೋಯಿತು. ಎರಡು ನಲವತ್ತೆರಡು.

ಆಗ ಅಜ್ಜಿಯ ದನಿ ನೆನಪಾಯಿತು. ಹಿಂದಿನ ದಿನ ಫೋನಿನಲ್ಲಿ ಅಂದಿದ್ದಳು: ‘ಮೂರ್ ಗಂಟೆ ಹೊಡೆದ್ರೆ ಕರೆಂಟ್ ಓಯ್ತದೆ ಕಣವ್ವ, ದಿನಾ ಇದೇ ಗೋಳು. ಐದಕ್ಕೆ ಬತ್ತದೆ. ಓಗೋದ್ರೊಳ್ಗೆ ಕಾರ ರುಬ್ಕೊಂಬುಡ್ಬೇಕು.’

ನಂಜನಗೂಡಿನಲ್ಲಿ ಕರೆಂಟು ತೆಗೆಯುತ್ತಿದ್ದದ್ದು ಬೆಳಗ್ಗೆ.

ನಾನು ಯಾವ ನಿಯಮವನ್ನೂ ಮುರಿಯಲಿಲ್ಲ. ಮೂರು ನಿಮಿಷ ನನ್ನದು. ಅದನ್ನು ಪೂರಾ ತೆಗೆದುಕೊಂಡೆ, ಅಷ್ಟೇ. ಏನು ಆಡಬೇಕೆಂದು ಮೊದಲ ಹತ್ತು ಸೆಕೆಂಡಿನಲ್ಲೇ ಗೊತ್ತಿರುತ್ತಿತ್ತು. ಉಳಿದ ಹೊತ್ತು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿರುತ್ತಿದ್ದೆ. ನಾಲ್ಕನೇ ಸಲ ಹಾಗೆ ಕೂತಾಗ ಪರದೆಯ ಕೆಳಗಿನ ಮಾತಿನ ಪಟ್ಟಿಯಲ್ಲಿ ಒಂದು ಸಾಲು ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: ‘ಮೂರಕ್ಕೆ ನಮ್ಮೂರಲ್ಲಿ ಕರೆಂಟ್ ಹೋಗುತ್ತೆ. ಸ್ವಲ್ಪ ಬೇಗ ಆಡ್ತೀರಾ?’

ಓದಿದೆ. ಉತ್ತರ ಬರೆಯಲಿಲ್ಲ. ಆರನೇ ಸಲ ನನ್ನ ಮೂರು ನಿಮಿಷ ಮುಗಿಸಿ ನಡೆಯಿಟ್ಟ ಬೆನ್ನಿಗೇ ಆ ಕಡೆಯ ಹಸಿರು ದೀಪ ಬೂದಿ ಬಣ್ಣಕ್ಕೆ ತಿರುಗಿತು. ಹತ್ತು ನಿಮಿಷ ಕಳೆದ ಮೇಲೆ ಪರದೆಯ ಮೇಲೆ ‘ಕಪಿಲಾ ಗೆದ್ದರು’ ಎಂದು ಬಂತು.

‘ನೋಡಿದ್ರೇನ್ರೋ, ನಮ್ ನಯನನ್ನ’ ಎಂದು ಮದನಣ್ಣ ಗೂಡುಗಳಲ್ಲಿ ಕೂತಿದ್ದವರಿಗೆಲ್ಲ ಕೇಳುವಂತೆ ಹೇಳಿದ. ‘ನೀವು ವರ್ಷದಿಂದ ಆ ಗನ್ ಆಟದಲ್ಲಿ ಗುಂಡು ಹೊಡ್ಕೊಂಡು ಕೂತಿದೀರ. ಈ ಹುಡುಗಿ ಮೈಸೂರಿಗೆ ಹೊರಟ್ಲು.’ ಗೋಡೆಗೆ ಅಂಟಿಸಿದ್ದ ಪಂದ್ಯದ ಚಾರ್ಟಿನಲ್ಲಿ ನನ್ನ ಹೆಸರನ್ನು ಕೆಂಪು ಸ್ಕೆಚ್‌ಪೆನ್ನಿನಿಂದ ಎರಡು ಸಲ ತಿದ್ದಿ ಬರೆದ. ನಾನು ನಕ್ಕೆ. ಮನೆಗೆ ಬಂದು ಕಂಪ್ಯೂಟರಿಗೆಂದು ಎತ್ತಿಟ್ಟ ಮೂಲೆಯಲ್ಲಿ ಕೂತೆ. ಅಲ್ಲಿ ಕೂರಲು ಯಾಕೋ ಹಿತವಾಗಲಿಲ್ಲ.

ರಜೆ ಬಂತು, ಅಜ್ಜಿಯ ಮನೆಗೆ ಹೋದೆ. ಮೊದಲ ದಿನವೇ ಜಗಲಿಯ ಮೇಲೆ ಆಟ ಹೂಡಿ ಕೂತೆವು. ಮೂರು ಗಂಟೆಗೆ ಒಳಗಿನ ಫ್ಯಾನಿನ ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತಿತು.

‘ಓಯ್ತು,’ ಎಂದಳು ಅಜ್ಜಿ. ‘ಗಡಿಯಾರ ತಪ್ಪಿದ್ರೂ ಇದು ತಪ್ಪಾಕಿಲ್ಲ. ಯಾಕವ್ವ, ಮೊಕ ಇಂಗ್ ಮಾಡ್ಕಂಡೆ? ಸೆಕೆಯಾ?’

‘ಹೂಂ’ ಎಂದೆ.

ಅಜ್ಜಿ ಬೀಸಣಿಗೆ ತರಲು ಒಳಗೆ ಎದ್ದಳು. ನನ್ನ ಕೈ ತನ್ನಷ್ಟಕ್ಕೆ ಮೊರ ಎಳೆದು ಆಟದ ಮೇಲೆ ಕವುಚಿತು. ಕವುಚಿದ ಮೊರವನ್ನೇ ನೋಡುತ್ತಾ ಕೂತೆ. ಹೊಗೆಯಾಡಿ ಕಪ್ಪಾದ ಬಿದಿರಿನ ಹೆಣಿಗೆ, ಅಂಚಿಗೆ ಸಗಣಿ ಮೆಂತ್ಯ ಸಾರಿಸಿದ್ದು. ಎರಡು ವಾರದಿಂದ ನನ್ನನ್ನು ಚುಚ್ಚುತ್ತಿದ್ದದ್ದು ಏನೆಂದು ಆಗ ತಿಳಿಯಿತು. ಎದ್ದು ಹೋದವಳು ಬರುವ ತನಕ ಕಾಯುವ ಮನೆಯಲ್ಲಿ ಬೆಳೆದ ನಾನು, ಎದುರಿಗೆ ಕೂತವರು ಎದ್ದು ಹೋಗಲಿ ಎಂದು ಕಾದಿದ್ದೆ.

ಮಾರನೆಯ ದಿನ ಬೆಳಗ್ಗೆ ಬಸ್‌ಸ್ಟ್ಯಾಂಡಿನ ಹತ್ತಿರದ ಸೆಂಟರಿಗೆ ಹೋದೆ. ಅಲ್ಲಿನ ಮಾಲೀಕರು ನಂಜೇಶ್ ಎನ್ನುವವರು, ಮೌಸಿನ ಹೊಟ್ಟೆ ಬಿಚ್ಚಿ ಒಳಗಿನ ಗುಂಡು ಒರೆಸುತ್ತಿದ್ದರು. ‘ಇಲ್ಲಿ ಸ್ಫಟಿಕಾ ಅಂತ ಆಡೋರು ಯಾರು?’ ಎಂದೆ.

‘ಅದಾ, ನಮ್ ನಿಂಗರಾಜಣ್ಣನ ಮಗಳು ಭಾನುಪ್ರಿಯಾ. ಈಗ ಬತ್ತಾಳೆ ಕೂತ್ಕಳಿ. ಪಾಪ, ಮೈಸೂರಿಗೆ ಓಗ್ಬೇಕಿತ್ತು ಕಣ್ರೀ, ಗೆದ್ದೇಬುಟ್ಟಿತ್ತು. ಮೂರಕ್ಕೆ ಕರೆಂಟ್ ಓಯ್ತು.’ ಗುಂಡನ್ನು ಬೆಳಕಿಗೆ ಹಿಡಿದು ನೋಡಿದರು. ‘ತಮಾಷೆ ಏನ್ ಗೊತ್ತಾ? ಕರೆಂಟ್ ತೆಗ್ದೋರು ಅವ್ರಪ್ಪನೇ. ಪವರ್ ಸ್ಟೇಷನ್ನಲ್ಲಿ ಆಪರೇಟ್ರು. ನಾನೇ ಅಂದೆ, ಒಂದ್ ಫೋನ್ ಹಾಕವ್ವ, ಒಂದತ್ತು ನಿಮಿಷ ತಡ್ಕಳಿ ಅನ್ನು, ಇಲ್ಲೇ ಅದೆ ಫೋನು ಅಂತ. ಮುಟ್ನಿಲ್ಲ ಅವ್ಳು.’

ಅಷ್ಟರಲ್ಲಿ ಹೊರಗೆ ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದಾಯಿತು. ನನ್ನದೇ ವಯಸ್ಸಿನ ಹುಡುಗಿ. ಎಣ್ಣೆ ಹಾಕಿ ಬಿಗಿದ ಎರಡು ಜಡೆ, ಲಂಗದ ಅಂಚಿಗೆ ಚೈನಿನ ಗ್ರೀಸು.

‘ನಾನು ಕಪಿಲಾ’ ಎಂದೆ.

ಅವಳು ಒಂದು ಗಳಿಗೆ ನೋಡಿ ನಕ್ಕುಬಿಟ್ಟಳು. ‘ಅಯ್ಯೋ, ನಾನು ಯಾವ್ದೋ ಮೀಸೆ ಬಂದಿರೋ ಅಣ್ಣ ಅನ್ಕಂಡಿದ್ದೆ ಕಣ್ರೀ. ಅಷ್ಟ್ ನಿಧಾನ ಆಡ್ತಿದ್ರಿ.’

ನನಗೆ ನಗು ಬರಲಿಲ್ಲ. ‘ಅವತ್ತು ನಿಮ್ಮ ತಂದೆಗೆ ಯಾಕೆ ಫೋನ್ ಮಾಡಲಿಲ್ಲ?’

‘ಓ, ಇವ್ರು ಏಳ್ಬುಟ್ರಾ?’ ನಂಜೇಶರ ಕಡೆ ಕಣ್ಣು ಬಿಟ್ಟಳು. ‘ಊರಿನ ಲೈನ್ ತೆಗ್ದ್ಮೇಲೇನೆ ಆ ಕಡೆ ಪಂಪ್‌ಸೆಟ್ ಲೈನಿಗೆ ಕೊಡೋದು. ಮೂರಕ್ಕೆ ಅಂದ್ರೆ ಮೂರಕ್ಕೆ ಎಲ್ರೂ ಮೋಟ್ರು ಮನೆ ಮುಂದೆ ಬಂದು ಕೂತಿರ್ತಾರೆ. ನನ್ ಕೋಟೆಗೋಸ್ಕರ ಅವ್ರನ್ನ ಕೂರ್ಸಾಕಾಯ್ತದಾ? ಫೋನ್ ಮಾಡಿದ್ರೆ ಅಪ್ಪ ಬಿಡ್ತಿದ್ರೋ ಏನೋ. ಅದ್ಕೇ ಮಾಡ್ನಿಲ್ಲ.’ ಆಮೇಲೆ, ನನಗೆ ಸಮಾಧಾನ ಹೇಳುವವಳ ಹಾಗೆ, ‘ನೀವೇನ್ ಮಾಡ್ತೀರ ಬುಡಿ. ನಾನ್ ಬರ್ದಿದ್ದು ನಿಮ್ಗೆ ತಲುಪ್ಲಿಲ್ಲ ಅನ್ಸುತ್ತೆ’ ಎಂದಳು.

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವಳೇ ಬಾಗಿಲು ತೆರೆದು ಹಿಡಿದಿದ್ದಳು.

‘ತಲುಪ್ತು’ ಎಂದೆ. ‘ಅದು ಬರೋಕೆ ಮುಂಚೇನೇ ಗೊತ್ತಿತ್ತು. ನಮ್ಮಜ್ಜಿ ಮನೆ ಇಲ್ಲೇ. ಮೂರು ಗಂಟೆ ಆಗಲಿ ಅಂತಲೇ ನಿಧಾನ ಮಾಡಿದೆ.’

ನಂಜೇಶರ ಕೈ ನಿಂತಿತು. ಭಾನುಪ್ರಿಯಾ ನನ್ನ ಮುಖ ನೋಡಲಿಲ್ಲ. ಸೈಕಲ್ ಕೀಲಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

‘ಮತ್ತೆ ಈಗ್ಯಾಕ್ ಬಂದ್ರಿ? ಗೆದ್ದಾಯ್ತಲ್ಲ.’

‘ಮುಗಿಸೋಣ ಅಂತ. ನಿಜಕ್ಕೂ ಗೆದ್ದೋರೇ ಮೈಸೂರಿಗೆ ಹೋಗಲಿ. ಕಾಯಿ ಎಲ್ಲೆಲ್ಲಿ ಇತ್ತು ಅಂತ ನೆನಪಿದೆಯಾ?’

‘ನಂಗಾ?’ ಈಗ ಅವಳ ದನಿಯಲ್ಲಿ ಕೋಪ ಬಂತು. ‘ಎರಡು ವಾರದಿಂದ ಕಣ್ಮುಚ್ಚಿದ್ರೆ ಅದೇ ಕಾಣ್ತಾ ಅದೆ. ನಿನ್ಗೆ ನೆನಪದಾ, ಮೊದ್ಲು ಅದೇಳು.’

ಅವಳು ನೀವು ಎನ್ನುವುದನ್ನು ಬಿಟ್ಟದ್ದು ನನಗೆ ಎಷ್ಟೋ ಹಗುರ ಎನಿಸಿತು.

ಅವಳನ್ನು ಅಜ್ಜಿಯ ಮನೆಗೆ ಕರೆತಂದೆ. ಜಗಲಿಯ ಮೇಲೆ ರಂಗೋಲಿ ಪುಡಿಯಲ್ಲಿ ಏಳು ಕೋಟೆ ಬರೆದೆವು. ಅವಳಿಗೆ ಹುಣಸೆಬೀಜ, ನನಗೆ ಬಳೆಚೂರು. ಒಂದು ಕಡೆ ಅವಳು ಎರಡು ಬೀಜ ಇಟ್ಟಾಗ ನಾನು ಮೂರು ಇತ್ತು ಎಂದೆ. ಅವಳು ಯೋಚಿಸಿ, ‘ಹೌದು, ಮೂರು’ ಎಂದು ಇನ್ನೊಂದು ಇಟ್ಟಳು. ಹೊಂಚುಪಡೆ ಎಲ್ಲಿತ್ತು ಎನ್ನುವುದನ್ನು ಚೀಟಿಯಲ್ಲಿ ಬರೆದು, ಮಡಚಿ, ಅಜ್ಜಿಯ ಕೈಗೆ ಕೊಟ್ಟೆವು. ನನ್ನದು ಐದನೇ ಕೋಟೆ. ಹಾಗೆಂದೇ ಬರೆದೆ. ಅಜ್ಜಿಗೆ ಓದು ಬಾರದು. ಎರಡು ಚೀಟಿಯನ್ನೂ ಎಲೆ ಅಡಿಕೆ ಸಂಚಿಗೆ ತುರುಕಿ, ‘ಆಡ್ಕಳಿ, ನನ್ ಸಂಚೀಗೆ ಕೈ ಆಕ್ದೋರ್ಗೆ ಹೊಗೆಸೊಪ್ಪು ತಿನ್ನಿಸ್ತೀನಿ’ ಎಂದಳು.

ಪಂದ್ಯದ ದಿನ ಕರೆಂಟು ಹೋದಾಗ ಭಾನುವಿನ ಸರದಿ ಇತ್ತು, ಈಗಲೂ ಅಲ್ಲಿಂದಲೇ ಶುರು. ಅವಳು ಬೀಜಕ್ಕೆ ಕೈ ಚಾಚಿದವಳು ನಿಲ್ಲಿಸಿ ಬಿಸಿಲಿನ ಕಡೆ ನೋಡಿದಳು.

‘ಟೈಮೆಷ್ಟು? ಒಂದೂವರೆಯಾ? ಅಪ್ಪಂಗೆ ಊಟ ತಗೊಂಡ್ ಓಗ್ಬೇಕು. ಬಂದ್ಬುಡ್ತೀನಿ.’ ಅವಳ ಕಣ್ಣು ಆಟದ ಮೇಲಿಂದ ನನ್ನ ಮೇಲೆ ಬಂತು, ಮತ್ತೆ ಆಟದ ಮೇಲೆ. ಅವಳು ಏನು ನೆನೆದಳೆಂದು ನನಗೆ ಗೊತ್ತಿತ್ತು.

‘ಓಗವ್ವ’ ಎಂದಳು ಅಜ್ಜಿ. ‘ಇಲ್ಲಿ ಮೊರ ಅದೆ.’

ಸೈಕಲ್ ಬೀದಿಯ ತಿರುವಿನಲ್ಲಿ ಮರೆಯಾಯಿತು. ನಾನು ಮೊರ ಮುಚ್ಚಿದೆ. ಅಜ್ಜಿ ಉಂಡು, ಸೆರಗು ಹಾಸಿ, ಸಂಚಿಯನ್ನು ತಲೆಯ ಹತ್ತಿರ ಇಟ್ಟುಕೊಂಡು ಅಲ್ಲೇ ಮಲಗಿದಳು. ನಿದ್ದೆ ಹತ್ತಿತು.

ಮೊರ ಮುಚ್ಚಿದ್ದರೂ ಆಟ ನನಗೆ ಕಾಣುತ್ತಿತ್ತು. ಭಾನು ಈಗ ಮೂರನೇ ಕೋಟೆಗೆ ನುಗ್ಗುತ್ತಾಳೆ. ಬೇರೆ ದಾರಿ ಅವಳಿಗೆ ಬೇಕಾಗಿಯೂ ಇಲ್ಲ. ನನ್ನ ಹೊಂಚುಪಡೆ ಐದರಲ್ಲಿ, ಯಾರೂ ಬಾರದ ಮೂಲೆಯಲ್ಲಿ, ಸುಮ್ಮನೆ ಕೂತಿದೆ. ಅದು ಮೂರರಲ್ಲಿ ಇದ್ದಿದ್ದರೆ ಅವಳ ಅರ್ಧ ಸೈನ್ಯ ಒಂದೇ ಏಟಿಗೆ ಹೋಗುತ್ತಿತ್ತು. ಮೈಸೂರು, ಕಂಪ್ಯೂಟರು, ಮೂಲೆಯಲ್ಲಿ ಹೊದಿಸುವ ಬಟ್ಟೆ, ಎಲ್ಲ ಆ ಎರಡು ಅಂಕಿಗಳ ನಡುವೆ ಇದ್ದವು. ಸಂಚಿ ಒಂದು ಮೊಳ ದೂರದಲ್ಲಿತ್ತು. ಚೀಟಿ ಹರಿದ ನೋಟ್‌ಬುಕ್ಕೂ ಪೆನ್ಸಿಲ್ಲೂ ನನ್ನ ತೊಡೆಯ ಪಕ್ಕದಲ್ಲೇ ಇದ್ದವು. ನನ್ನ ಹೊಂಚುಪಡೆ ಎಲ್ಲಿತ್ತೆಂದು ಈ ಲೋಕದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಪೆನ್ಸಿಲ್ ತೆಗೆದುಕೊಂಡೆ. ಸುಳ್ಳು ಹೇಳುವುದಿಲ್ಲ, ತೆಗೆದುಕೊಂಡೆ. ಒಂದು ಚೂರು ಹಾಳೆಯ ಮೇಲೆ ಮೂರು ಎಂದು ಬರೆದು ಅದು ಹೇಗೆ ಕಾಣುತ್ತದೆಂದು ನೋಡಿದೆ. ಅಜ್ಜಿ ನಿದ್ದೆಯಲ್ಲಿ ಬಾಯಿ ಚಪ್ಪರಿಸಿದಳು. ಕತೆಯ ತಂಗಿಯ ನೆನಪಾಯಿತು. ಹುತ್ತ ಬೆಳೆಯುವಷ್ಟು ಕಾಲ ಅವಳು ಕೂತಿದ್ದಳಲ್ಲ. ಅವಳಿಗೂ ಒಂದು ಸಲ ಮೊರದ ಅಂಚಿಗೆ ಕೈ ಹೋಗಿರಲಿಲ್ಲವೇ? ಹೋಗಿರಬೇಕು. ಅಜ್ಜಿ ಅದನ್ನು ಹೇಳಿರಲಿಲ್ಲ ಅಷ್ಟೇ.

ಚೂರು ಹಾಳೆಯನ್ನು ಬಾಯಿಗೆ ಹಾಕಿ ಅಗಿದೆ. ಉಗಿಯಲು ಎದ್ದರೆ ಮೊರ ಒಂಟಿಯಾಗುತ್ತದೆಂದು ನುಂಗಿಬಿಟ್ಟೆ.

ಭಾನು ಬಂದಾಗ ಎರಡು ಮುಕ್ಕಾಲು ದಾಟಿತ್ತು. ಬೆವರಿಗೆ ಹಣೆಯ ಬೊಟ್ಟು ಮೂಗಿನ ತನಕ ಇಳಿದಿತ್ತು. ‘ಅಪ್ಪ ಉಂಡು ಕ್ಯಾರಿಯರ್ ಕೊಡೋಗಂಟ ಬುಡ್ನಿಲ್ಲ’ ಎನ್ನುತ್ತಾ ಕೂತಳು. ಮೊರ ನೋಡಿದಳು. ಅದರ ಮೇಲೆ ಎರಡು ಬೇವಿನ ಹೂವು ಉದುರಿ ಹಾಗೇ ಇದ್ದವು.

‘ತಗಿ’ ಎಂದಳು ಅಜ್ಜಿ, ಕಣ್ಣು ಬಿಡದೆ. ‘ನೀನೇ ಅನ್ಬೇಕು ಕಣವ್ವ, ತಗಿ ಅನ್ನು.’

‘ತಗಿ’ ಎಂದಳು ಭಾನು. ‘ಯಾರ್ ಸರದಿ?’

‘ನಿಂದೇ’ ಎಂದೆ.

ಅವಳು ಮೂರನೇ ಕೋಟೆಗೆ ನುಗ್ಗಿದಳು. ಒಂದು ಕ್ಷಣ ಕೈ ಹಿಂದಕ್ಕೆಳೆದು ನನ್ನ ಮುಖ ನೋಡಿದಳು. ಅಲ್ಲಿ ಹೊಂಚು ಇಲ್ಲ ಎಂದು ತಲೆಯಾಡಿಸಿದೆ. ಅವಳು ಉಸಿರು ಬಿಟ್ಟಳು. ನಾನು ಬೇಗ ಬೇಗ ಆಡಿದೆ. ಅವಳೇ ‘ನಿಧಾನ ಕಣೇ, ಯೋಚ್ನೆ ಮಾಡು’ ಎಂದಳು. ನಾಲ್ಕನೇ ನಡೆಯ ಹೊತ್ತಿಗೆ ಒಳಗಿನ ಫ್ಯಾನು ಇಳಿಯುತ್ತಾ ಬಂದು ನಿಂತಿತು. ಇಬ್ಬರೂ ತಲೆಯೆತ್ತಿದೆವು.

‘ನಮ್ಮಪ್ಪ’ ಎಂದಳು ಭಾನು. ಮೂವರಿಗೂ ನಗು ಬಂತು. ಆಟ ನಿಲ್ಲಲಿಲ್ಲ. ಏಳನೇ ನಡೆಗೆ ನನ್ನ ಕೊನೆಯ ಬಳೆಚೂರನ್ನು ಅವಳು ಎತ್ತಿಕೊಂಡಳು. ಅಜ್ಜಿ ಸಂಚಿಯಿಂದ ಚೀಟಿ ತೆಗೆದು ಕೊಟ್ಟಾಗ ಭಾನು ನನ್ನದನ್ನು ಬಿಚ್ಚಿ, ‘ಐದಾ? ಅಲ್ಲಿ ಯಾರಾದ್ರೂ ಇಡ್ತಾರಾ, ಪೆದ್ದಿ’ ಎಂದಳು.

ಸಂಜೆ ಎಸ್‌ಟಿಡಿ ಬೂತಿನಿಂದ ಮದನಣ್ಣನಿಗೆ ಫೋನ್ ಮಾಡಿದೆ.

‘ತಲೆ ಕೆಟ್ಟಿದ್ಯಾ ನಿಂಗೆ? ರೂಲ್ಸ್ ಪ್ರಕಾರ ನೀನೇ ಗೆದ್ದಿರೋದು. ಜಗಲೀಲಿ ಬಳೆಚೂರು ಇಟ್ಕೊಂಡು ಆಡಿದ್ದನ್ನ ಮೈಸೂರಿನೋರಿಗೆ ಏನಂತ ಹೇಳ್ಲಿ?’

‘ನಾನು ಬಿಟ್ಟುಕೊಟ್ಟೆ ಅಂತ ಹೇಳಿ. ಬರೆದು ಕೊಡ್ತೀನಿ.’

‘ಚಾರ್ಟಲ್ಲಿ ಕೆಂಪು ಇಂಕಲ್ಲಿ ಬರ್ದಿದೀನಲ್ಲಮ್ಮ’ ಎಂದ ಅವನು, ಅದೊಂದೇ ತೊಂದರೆ ಎನ್ನುವವನ ಹಾಗೆ. ಆಮೇಲೆ, ‘ಆ ಹುಡುಗಿ ಹೆಸರು ಸರಿಯಾಗಿ ಹೇಳು’ ಎಂದ.

ಮೇ ತಿಂಗಳಲ್ಲಿ ಮೈಸೂರಿಗೆ ಹೋದವಳು ಭಾನು. ನಾನು ಅವಳ ಹಿಂದಿನ ಕುರ್ಚಿಯಲ್ಲಿ ಊಟದ ಕ್ಯಾರಿಯರ್ ಹಿಡಿದು ಕೂತಿದ್ದೆ. ಹುಣಸೂರಿನ ಹುಡುಗನೊಬ್ಬ ಒಂದು ಕೋಟೆಯಿಂದ ಗೆದ್ದು ಕಂಪ್ಯೂಟರ್ ತೆಗೆದುಕೊಂಡು ಹೋದ. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಿಟ್ಟು ಕೂತಿದ್ದಳು. ನರಸೀಪುರದ ಸೇತುವೆಯ ಮೇಲೆ ಬಸ್ಸು ಏರಿದಾಗ, ‘ಅವ್ನು ಆಡಿದ್ದು ಚೆನ್ನಾಗಿತ್ತು ಕಣೇ’ ಎಂದಳು.

ಆ ಆಟದ ತಾಣ ಈಗ ಇಲ್ಲ. ಮದನಣ್ಣನ ಸೆಂಟರಿನ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಅಜ್ಜಿಯ ಜಗಲಿಯಲ್ಲಿ ಕಲ್ಲಿನ ಗೆರೆ ಇನ್ನೂ ಇದೆ. ಭಾನು ಬಂದಾಗ ಈಗಲೂ ಕೂರುತ್ತೇವೆ. ಮಗುವಿಗೆ ಹಾಲು ಕಾಯಿಸಲು ಅವಳು ಎದ್ದರೆ, ನಾನು ಮೊರಕ್ಕೆ ಕೈ ಚಾಚುತ್ತೇನೆ.